ಬಿಸಿಲು-ನೆರಳಿನ ಟ್ರೇಲ್‌ಗೆ ಪವರ್ ಗ್ಲಾಸ್: ಯಾವ ಲೆನ್ಸ್ ಹಾಕಿಸಲಿ?

ಕೆಸರುಗಾಲಿ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎಡ ಮೊಣಕೈ ಚರ್ಮ ಕಿತ್ತು ಹೋಗಿದೆ, ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ನಿನ್ನೆ ಬೆಳಿಗ್ಗೆ ಚಿಕ್ಕಮಗಳೂರಿನ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಸೈಕಲ್ ಹೊಡೆಯುತ್ತಿದ್ದೆವು. ಹತ್ತು ಗಂಟೆಯ ಬಿಸಿಲು. ಬೋಳು ಗುಡ್ಡದ ಹುಲ್ಲಿನಿಂದ ಇಳಿದು ಸೀದಾ ಮರಗಳ ಕೆಳಗೆ ನುಗ್ಗುವ ದಾರಿ. ಒಳಗೆ ಹೋದ ತಕ್ಷಣ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಯಿತು. ಮೂರು ಸೆಕೆಂಡೂ ಆಗಿರಲಿಲ್ಲ, ಮುಂದಿನ ಚಕ್ರ ಯಾವುದಕ್ಕೋ ತಗುಲಿ ಅಡ್ಡ ತಿರುಗಿತು, ನಾನು ಕಾಫಿ ಗಿಡದೊಳಗೆ. ಎದ್ದು ಕನ್ನಡಕ ತೆಗೆದು ನೋಡಿದರೆ ನನ್ನ ತೋಳಿನಷ್ಟು ದಪ್ಪದ ಬೇರು, ದಾರಿಗೆ ಅಡ್ಡಲಾಗಿ ಮಲಗಿದೆ. ಅಷ್ಟು ದೊಡ್ಡದು ಕಾಣಲಿಲ್ಲವಲ್ಲ ಅಂತ ನೋವಿಗಿಂತ ಜಾಸ್ತಿ ನಾಚಿಕೆಯಾಯಿತು.

ಪವರ್ ಬಲಗಣ್ಣು -4.25, ಎಡಗಣ್ಣು -4.75, ಎರಡಕ್ಕೂ ಸ್ವಲ್ಪ ಸಿಲಿಂಡರ್ (ಅಸ್ಟಿಗ್ಮ್ಯಾಟಿಸಂ ಪವರ್) ಇದೆ. ಸೈಕಲ್‌ಗೆ ಅಂತಲೇ ಹೋದ ತಿಂಗಳು ಮುಖ ಸುತ್ತಿಕೊಳ್ಳುವ ಫ್ರೇಮ್‌ಗೆ 1.67 ಲೆನ್ಸ್ (ತೆಳುವಾಗಿ ಬರುವ ಹೈ-ಇಂಡೆಕ್ಸ್ ಪ್ಲಾಸ್ಟಿಕ್) ಹಾಕಿಸಿದ್ದೆ. ಬಣ್ಣ ಬ್ರೌನ್. ಕಪ್ಪಾಗಬಾರದು, ಬೆಳಕು ಚೆನ್ನಾಗಿ ಬರಲಿ ಅಂತ ಎಲ್ಲೋ ಓದಿಕೊಂಡು ಹೋಗಿ 80% ಅಂತ ಆರ್ಡರ್ ಚೀಟಿಯಲ್ಲಿ ಬರೆಸಿದ್ದೆ. ಆದರೂ ನೆರಳಲ್ಲಿ ಏನೂ ಕಾಣಲ್ಲ. ಇನ್ನೊಂದು ತೊಂದರೆ: ಓರೆಗಣ್ಣಲ್ಲಿ ನೋಡಿದರೆ ನೆಲ ಬಾಣಲೆ ಥರ ಬಾಗಿದಂತೆ ಕಾಣುತ್ತದೆ. ಅರ್ಧ ಗಂಟೆಯಲ್ಲಿ ತಲೆನೋವು.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೊಮಿಕ್ ಹಾಕಿಸಿದರೆ ಸರಿಹೋಗುತ್ತಾ? ಪೋಲರೈಸ್ಡ್ ಒಳ್ಳೆಯದು ಅಂತಾನೂ ಒಬ್ಬರು ಹೇಳಿದರು. ಮತ್ತೆ ದುಡ್ಡು ಸುರಿಯುವ ಮೊದಲು ನಿಮ್ಮನ್ನು ಕೇಳೋಣ ಅಂತ.

ಹಿಂದಿನಬ್ರೇಕ್ · ರಾತ್ರಿ 9:58

ಮೊದಲು ಗಾಯ ತೊಳ್ಕೊಳ್ಳಿ ಗುರು. ಸೈಕಲ್‌ಗೆ ಏನೂ ಆಗಿಲ್ಲ ತಾನೇ?

ಫೋಟೋಕ್ರೊಮಿಕ್ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಎರಡು ವರ್ಷದಿಂದ ನನ್ನದು ಅದೇ. ಬೆಳಿಗ್ಗೆ ಐದೂವರೆಗೆ ನಂದಿ ಬೆಟ್ಟದ ಬುಡದಲ್ಲಿ ಬೆಳ್ಳಗಿರುತ್ತದೆ, ಎಂಟಕ್ಕೆ ಇಳಿಯುವಾಗ ಕಪ್ಪಾಗಿರುತ್ತದೆ. ಒಂದೇ ಕನ್ನಡಕ, ಚಿಂತೆ ಇಲ್ಲ.

ತೋಟದಹುಡುಗ · ರಾತ್ರಿ 10:15

ನಂದಿ ಬೆಟ್ಟದ್ದು ಟಾರು ರಸ್ತೆ, ಹಿಂದಿನಬ್ರೇಕ್ ಅಣ್ಣ. ಬೆಳಕು ನಿಧಾನಕ್ಕೆ ಏರುತ್ತದೆ, ಲೆನ್ಸೂ ಅದರ ಜೊತೆ ಏರುತ್ತದೆ. ತೋಟದ ಕತೆ ಬೇರೆ. ಇಲ್ಲಿ ಹತ್ತು ಹೆಜ್ಜೆ ಬಿಸಿಲು, ಹತ್ತು ಹೆಜ್ಜೆ ನೆರಳು. ಅದರಲ್ಲೂ ಅರೇಬಿಕಾ ತೋಟದಲ್ಲಿ ಮರ ಜಾಸ್ತಿ. ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಹಲಸು, ಒಂದರ ಮೇಲೊಂದು. ರೋಬಸ್ಟಾ ತೋಟ ಸ್ವಲ್ಪ ವಾಸಿ. ಮಳೆಗೆ ಮುಂಚೆ ಮರಗಸಿ (ನೆರಳಿನ ಮರದ ಕೊಂಬೆ ಕಡಿಸುವುದು) ಮಾಡಿಸಿದ ಮೇಲೆ ಅದೇ ದಾರಿಯಲ್ಲಿ ಬೆಳಕೋ ಬೆಳಕು. ಅದಕ್ಕೇ ಹೋದ ವರ್ಷ ಸರಿಯಾಗಿ ಕಂಡ ದಾರಿ ಈ ವರ್ಷ ಕಾಣಲ್ಲ ಅನ್ನೋರು ಇದ್ದಾರೆ.

ನಾನೂ ಫೋಟೋಕ್ರೊಮಿಕ್ ಹಾಕಿ ನೋಡಿದ್ದೇನೆ. ಮರದ ಕೆಳಗೆ ಹೋಗಿ ಅದು ತಿಳಿಯಾಗುವಷ್ಟರಲ್ಲಿ ನಾನು ಮತ್ತೆ ಬಿಸಿಲಿಗೆ ಬಂದಿರುತ್ತಿದ್ದೆ.

ಕನ್ನಡಕದಕ್ಕ · ಸೋಮವಾರ, ಬೆಳಿಗ್ಗೆ 7:20

ನಾನು ಆಪ್ಟೋಮೆಟ್ರಿಸ್ಟ್. ಸೈಕಲ್ ನನ್ನದಲ್ಲ, ಯಜಮಾನರದ್ದು. ಅವರ ಕನ್ನಡಕದ ಮೇಲೆ ನಾನು ಪ್ರಯೋಗ ಮಾಡುತ್ತಿರುತ್ತೇನೆ.

ತೋಟದಹುಡುಗ ಹೇಳಿದ್ದು ಸರಿ. ಈಗಿನ ಪ್ಲಾಸ್ಟಿಕ್ ಫೋಟೋಕ್ರೊಮಿಕ್ ಲೆನ್ಸ್‌ನಲ್ಲಿರುವ ಬಣ್ಣದ ಅಣು ಯುವಿ ಬಿದ್ದಾಗ ಬಿಚ್ಚಿಕೊಂಡು ಕಪ್ಪಾಗುತ್ತದೆ. ಯುವಿ ನಿಂತ ಮೇಲೆ ಬಿಸಿಯಿಂದ ಮತ್ತೆ ಮಡಚಿಕೊಳ್ಳುತ್ತದೆ. ಕಪ್ಪಾಗುವುದು ಬೇಗ, ಅರ್ಧ ನಿಮಿಷದಲ್ಲಿ ಬಹುಪಾಲು ಮುಗಿಯುತ್ತದೆ. ತಿಳಿಯಾಗುವುದಕ್ಕೆ ನಿಮಿಷಗಟ್ಟಲೆ ಬೇಕು. ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಐದೂವರೆ ಮೀಟರ್. ಎರಡು ನಿಮಿಷ ಅಂದರೆ 660 ಮೀಟರ್. ಅಷ್ಟು ದೂರ ಕಪ್ಪು ಗಾಜಿನಲ್ಲೇ ನೆರಳಿನೊಳಗೆ ಓಡಿಸುತ್ತೀರಿ.

ಬಿಸಿ ಮಡಚುತ್ತದೆ ಅಂದೆನಲ್ಲ, ಅದಕ್ಕೇ ಏಪ್ರಿಲ್ ಬಿಸಿಲಲ್ಲಿ ಲೆನ್ಸ್ ಪೂರ್ತಿ ಕಪ್ಪಾಗುವುದೇ ಇಲ್ಲ, ಚಳಿಯಲ್ಲಿ ಜಾಸ್ತಿ ಕಪ್ಪಾಗಿ ಬೇಗ ತಿಳಿಯಾಗುವುದೂ ಇಲ್ಲ. ಕಾರಿನ ಮುಂದಿನ ಗಾಜು ಯುವಿಯನ್ನು ತಡೆಯುವುದರಿಂದ ಕಾರೊಳಗೆ ಬೆಳ್ಳಗೇ ಉಳಿಯುತ್ತದೆ. ಹಾಗಂತ ಅದು ಕೆಟ್ಟ ಲೆನ್ಸ್ ಅಲ್ಲ. ನಂದಿ ಬೆಟ್ಟಕ್ಕೆ ಬಹಳ ಚೆನ್ನ. ಬೆಳಕು ಗಂಟೆ ಲೆಕ್ಕದಲ್ಲಿ ಬದಲಾಗುವ ಕಡೆ ಹಾಕಿಕೊಳ್ಳಿ, ಸೆಕೆಂಡ್ ಲೆಕ್ಕದಲ್ಲಿ ಬದಲಾಗುವ ಕಡೆ ಬೇಡ.

ಕೆಸರುಗಾಲಿ ಅವರೇ, ಆ 80% ಬಗ್ಗೆ ನನಗೊಂದು ಅನುಮಾನ. ನೀವು 80% ಅಂತ ಬರೆಸಿದ್ದು ಬೆಳಕು ಒಳಗೆ ಬರುವ ಲೆಕ್ಕದಲ್ಲೋ, ತಡೆಯುವ ಲೆಕ್ಕದಲ್ಲೋ?

ಕೆಸರುಗಾಲಿ · ಬೆಳಿಗ್ಗೆ 8:05

ಒಳಗೆ ಬರುವ ಲೆಕ್ಕ ಮೇಡಂ. ವಿಎಲ್‌ಟಿ 80 ಅಂದರೆ ನೂರರಲ್ಲಿ ಎಂಬತ್ತು ಪಾಲು ಬೆಳಕು ಒಳಗೆ ಅಂತ ಓದಿದ್ದೆ. ಹಾಗಲ್ವಾ?

ಕನ್ನಡಕದಕ್ಕ · ಬೆಳಿಗ್ಗೆ 8:12

ಸೈಕಲ್ ಗಾಗಲ್ ಡಬ್ಬಿಯ ಮೇಲೆ ಹಾಗೇ. ಪವರ್ ಲೆನ್ಸ್‌ಗೆ ಬಣ್ಣ ಹಾಕುವ ಲ್ಯಾಬ್‌ನಲ್ಲಿ ಉಲ್ಟಾ. ಅಲ್ಲಿ "ಬ್ರೌನ್ 80%" ಅಂದರೆ 80 ಪಾಲು ಬೆಳಕನ್ನು ಹೀರಿಕೊಳ್ಳುವಷ್ಟು ಬಣ್ಣ ಅಂತ ಅರ್ಥ. ಒಳಗೆ ಬರುವುದು 20.

ಬೈಯಬೇಡಿ ಪಾಪ ಅಂಗಡಿಯವರನ್ನು. ಚೀಟಿಯಲ್ಲಿ ಇದ್ದಿದ್ದನ್ನೇ ಮಾಡಿದ್ದಾರೆ. ಆದರೆ ಒಮ್ಮೆ ಬಾಯಿಬಿಟ್ಟು ಕೇಳಬಹುದಿತ್ತು.

ಕೆಸರುಗಾಲಿ · ಬೆಳಿಗ್ಗೆ 8:14

ಅಯ್ಯೋ ದೇವರೇ.

ಜುಗ್ಗ2 · ಬೆಳಿಗ್ಗೆ 8:31

ಮನೆಯಲ್ಲೇ ನೋಡಬಹುದು, ಖರ್ಚಿಲ್ಲ. ಮೊಬೈಲ್‌ನಲ್ಲಿ ಬೆಳಕು ಅಳೆಯುವ ಬಿಟ್ಟಿ ಆ್ಯಪ್ ಹಾಕಿಕೊಳ್ಳಿ. ಬಹುಪಾಲು ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆನ್ಸರ್ ಸ್ಕ್ರೀನಿನ ಮೇಲ್ಭಾಗದಲ್ಲಿ ಇರುತ್ತದೆ. ಕಿಟಕಿ ಹತ್ತಿರ ಮೇಜಿನ ಮೇಲೆ ಅಲುಗಾಡದ ಹಾಗೆ ಇಟ್ಟು ಒಂದು ಸಲ ನೋಡಿ, ಆಮೇಲೆ ಸೆನ್ಸರ್ ಮೇಲೆ ಲೆನ್ಸ್ ಒತ್ತಿ ಹಿಡಿದು ನೋಡಿ. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಮುಗೀತು. ಪಕ್ಕದಿಂದ ಬೆಳಕು ನುಸುಳದ ಹಾಗೆ ಸುತ್ತ ಕಪ್ಪು ಬಟ್ಟೆ ಇಡಿ. ಲ್ಯಾಬಿನಷ್ಟು ಕರಾರುವಾಕ್ಕಲ್ಲ, ಆದರೆ 20ಕ್ಕೂ 80ಕ್ಕೂ ವ್ಯತ್ಯಾಸ ಹೇಳುತ್ತದೆ.

ಕೆಸರುಗಾಲಿ · ಬೆಳಿಗ್ಗೆ 9:02

ಲೆನ್ಸ್ ಇಲ್ಲದೆ 612. ಲೆನ್ಸ್ ಇಟ್ಟಾಗ 131. ಭಾಗಿಸಿದರೆ 21%.

ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕಾಡಿಗೆ ನುಗ್ಗಿದ್ದೇನೆ. ಮೊಣಕೈ ಈಗ ಜಾಸ್ತಿ ಉರಿಯುತ್ತಿದೆ.

ಹಿಂದಿನಬ್ರೇಕ್ · ಬೆಳಿಗ್ಗೆ 9:10

😂😂 ಕ್ಷಮಿಸಿ ಗುರು, ನಗು ತಡೆಯೋಕಾಗಲಿಲ್ಲ. ಹಾಗಾದರೆ ಪ್ರಶ್ನೆ ಮುಗೀತು ಅಲ್ವಾ, 20% ಟಿಂಟ್ ಹಾಕಿಸಿಕೊಂಡರೆ ಆಯಿತು?

ಕನ್ನಡಕದಕ್ಕ · ಬೆಳಿಗ್ಗೆ 11:45

ಅರ್ಧ ಮುಗೀತು. ಅಂಗಡಿಯಲ್ಲಿ ಸ್ವಲ್ಪ ಬಿಡುವಾಗಿದೆ, ಎಷ್ಟು ಬಣ್ಣ ಬೇಕು ಅನ್ನುವುದನ್ನು ಅಂಕಿ ಇಟ್ಟುಕೊಂಡೇ ಹೇಳುತ್ತೇನೆ.

ಗಾಢತೆಯನ್ನು 0ರಿಂದ 4ರವರೆಗೆ ದರ್ಜೆ ಮಾಡಿದ್ದಾರೆ, ಐಎಸ್‌ಒ 12312-1 ಮಾನದಂಡದಲ್ಲಿ. ದರ್ಜೆ 0ರಲ್ಲಿ 80ರ ಮೇಲೆ ಬೆಳಕು ಒಳಗೆ. ದರ್ಜೆ 1ರಲ್ಲಿ 43ರಿಂದ 80. ದರ್ಜೆ 2ರಲ್ಲಿ 18ರಿಂದ 43. ದರ್ಜೆ 3ರಲ್ಲಿ 8ರಿಂದ 18, ಪೇಟೆಯಲ್ಲಿ ಸಿಗುವ ಕೂಲಿಂಗ್ ಗ್ಲಾಸ್ ಜಾಸ್ತಿ ಇದೇ. ದರ್ಜೆ 4 ಹಿಮ, ಎತ್ತರದ ಪರ್ವತಕ್ಕೆ. ಅದನ್ನು ಹಾಕಿಕೊಂಡು ಗಾಡಿ ಓಡಿಸುವ ಹಾಗಿಲ್ಲ. ನಿಮ್ಮದು ದರ್ಜೆ 2ರ ಕೊನೆಯಲ್ಲಿದೆ.

ಈಗ ಲೆಕ್ಕ. ನೆತ್ತಿಯ ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕಿನ ಅಳತೆ). ದಟ್ಟ ಮರದ ಕೆಳಗೆ ಒಂದು ಸಾವಿರ ಅಂತ ಇಟ್ಟುಕೊಳ್ಳಿ. ನಿಮ್ಮ 21ರ ಲೆನ್ಸ್‌ನಿಂದ ಬಿಸಿಲಲ್ಲಿ ಕಣ್ಣಿಗೆ ಬರುವುದು 21,000, ನೆರಳಲ್ಲಿ 210. ಅದೇ 65ರ ಲೆನ್ಸ್ ಆದರೆ ಬಿಸಿಲಲ್ಲಿ 65,000, ನೆರಳಲ್ಲಿ 650. ಆಫೀಸ್ ಕೋಣೆಯ ದೀಪ ಸುಮಾರು 300ರಿಂದ 500 ಇರುತ್ತದೆ. ಅಂದರೆ 65ರದ್ದರಲ್ಲಿ ನೆರಳೂ ಕೋಣೆಗಿಂತ ಬೆಳಕು, 21ರದ್ದರಲ್ಲಿ ಕೋಣೆಗಿಂತ ಮಂಕು. ಮಂಕಾದರೂ ಕುಳಿತು ಓದುವವರಿಗೆ ಸಾಲುತ್ತದೆ, ಬೇರು ಹಾರಿಸುವವರಿಗೆ ಸಾಲಲ್ಲ.

ಇದರ ಮೇಲೆ ಕಣ್ಣಿನದೇ ತಡ. ಬೆಳಕಿಗೆ ಬಂದರೆ ಪಾಪೆ ಕ್ಷಣದಲ್ಲಿ ಕಿರಿದಾಗುತ್ತದೆ. ಕತ್ತಲಿಗೆ ಹೋದರೆ ನಿಧಾನವಾಗಿ ಅಗಲವಾಗುತ್ತದೆ. ಅದರ ಹಿಂದೆ ಅಕ್ಷಿಪಟಲ ಹೊಂದಿಕೊಳ್ಳಬೇಕು, ಅದಕ್ಕೆ ನಿಮಿಷಗಳೇ ಬೇಕು. ಪೂರ್ತಿ ಕತ್ತಲಿಗೆ ಒಗ್ಗಲು ಅರ್ಧ ಗಂಟೆ.

ಹಾಗಾಗಿ ನನ್ನ ಮಾತು ಒಂದೇ: ಲೆನ್ಸ್‌ನ ಬಣ್ಣವನ್ನು ದಾರಿಯ ಅತಿ ಕತ್ತಲೆಯ ಜಾಗಕ್ಕೆ ಹೊಂದಿಸಿ. ಬಿಸಿಲು ಜಾಸ್ತಿಯಾದರೆ ಕಣ್ಣು ಕಿರಿದು ಮಾಡಿಕೊಂಡು, ಹೆಲ್ಮೆಟ್ಟಿನ ಮುಂಚಾಚು ತಗ್ಗಿಸಿಕೊಂಡು ನಿಭಾಯಿಸಬಹುದು. ಕತ್ತಲೆ ಜಾಸ್ತಿಯಾದರೆ ಮಾಡುವುದೇನೂ ಇಲ್ಲ.

ಐವತ್ತರಸವಾರ · ಮಧ್ಯಾಹ್ನ 1:30

ಮೇಡಂ ಮಾತಿಗೆ ನನ್ನದೊಂದು ಸಾಕ್ಷಿ. ವಯಸ್ಸು 52. ಮೊದಲೆಲ್ಲ ದರ್ಜೆ 2 ಹಾಕಿಕೊಂಡೇ ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಇಳಿಯುತ್ತಿದ್ದೆ. ಈಗ ಅದೇ ಗ್ಲಾಸಿನಲ್ಲಿ ನೀಲಗಿರಿ ಮರದ ನೆರಳಿಗೆ ಬಂದರೆ ಮಬ್ಬು. ಬೆಳ್ಳಗಿನದಕ್ಕೆ ಬದಲಾಯಿಸಿದ ಮೇಲೆ ಸರಿಯಾಯಿತು. (ಒಳಗೆ ಬಿಡುತ್ತಾರೋ ಇಲ್ಲವೋ ಕೇಳಿಕೊಂಡೇ ಹೋಗಿ. ಗಾರ್ಡ್ ಜೊತೆ ವಾದಕ್ಕೆ ನಿಂತು ಎಲ್ಲರಿಗೂ ಬಾಗಿಲು ಮುಚ್ಚಿಸಬೇಡಿ.)

ನನ್ನ ವಯಸ್ಸಿನವರಿಗೆ ಇನ್ನೊಂದು ವಿಷಯ. ದಯವಿಟ್ಟು ಪ್ರೋಗ್ರೆಸಿವ್ (ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್) ಹಾಕಿಕೊಂಡು ಇಳಿಜಾರಿಗೆ ಹೋಗಬೇಡಿ. ಅದರ ಕೆಳಭಾಗ ಪುಸ್ತಕ ಓದಲು ಮಾಡಿದ್ದು, ಒಂದೂವರೆ ಅಡಿ ದೂರಕ್ಕೆ. ಸೈಕಲ್ ಮೇಲೆ ಕೂತು ಕೆಳಗೆ ನೋಡಿದರೆ ಅದೇ ಭಾಗದಿಂದ ಮುಂದಿನ ಚಕ್ರದ ಹತ್ತಿರದ ಕಲ್ಲು ಕಾಣಬೇಕು. ಅದು ಮಬ್ಬು. ಅರ್ಧ ಅಡಿ ಹಳ್ಳವನ್ನು ನಾನು ಸಪಾಟು ಅಂದುಕೊಂಡಿದ್ದೆ, ಹಲ್ಲು ಕಟಕಟ ಅಂದಿತು. ಈಗ ದೂರದ ಪವರ್ ಮಾತ್ರ ಇರುವ ಒಂದೇ ಪವರಿನ ಲೆನ್ಸ್. ಹ್ಯಾಂಡಲ್ ಮೇಲಿನ ಮೀಟರ್ ಓದಲು ಆಗಲ್ಲ. ಓದಿ ಆಗಬೇಕಾದ್ದೇನು, ವೇಗ ಕಡಿಮೆ ಅಂತ ನನಗೇ ಗೊತ್ತು.

ಕನ್ನಡಕದಕ್ಕ · ಮಧ್ಯಾಹ್ನ 2:05

ವಯಸ್ಸಾದ ಹಾಗೆ ಪಾಪೆ ಕಿರಿದಾಗುತ್ತದೆ ಸರ್, ಒಳಗಿನ ಮಸೂರವೂ ಹಳದಿ ತಿರುಗುತ್ತದೆ. ಅದಕ್ಕೇ ಅದೇ ಗಾಜು ಈಗ ಜಾಸ್ತಿ ಕಪ್ಪೆನಿಸುವುದು. ಎದುರು ಗಾಡಿಯ ದೀಪ ಚೆಲ್ಲಾಪಿಲ್ಲಿಯಾಗಿ ಕಂಡರೆ ಪೊರೆ ಶುರುವಾಗಿದೆಯೇ ಅಂತ ಒಮ್ಮೆ ತೋರಿಸಿ.

ಧ್ರುವೀಕರಣ · ಸಂಜೆ 4:40

ಪೋಲರೈಸ್ಡ್ ಬಗ್ಗೆ ಯಾರೂ ಮಾತಾಡಲಿಲ್ಲ. ಹೆಸರಿಗೆ ತಕ್ಕ ಹಾಗೆ ನಾನೇ ಬಂದೆ. ನೀರು, ಟಾರು ರಸ್ತೆ, ಕಾರಿನ ಬಾನೆಟ್ಟು, ಇವುಗಳಿಂದ ಕಣ್ಣಿಗೆ ಚುಚ್ಚುವ ಹೊಳಪು ಅಡ್ಡಡ್ಡ ಕಂಪಿಸುವ ಬೆಳಕು. ಪೋಲರೈಸ್ಡ್ ಅದನ್ನೇ ಹಿಡಿದು ತಡೆಯುತ್ತದೆ. ಕೆರೆ ಏರಿಯ ಮೇಲೆ ಹೋಗುವಾಗ ಅದರ ಸುಖ ಹಾಕಿದವರಿಗೇ ಗೊತ್ತು. ಕಾಡಿಗೂ ಯಾಕಾಗಬಾರದು?

ತೋಟದಹುಡುಗ · ಸಂಜೆ 5:15

ಯಾಕಾಗಬಾರದು ಅಂದರೆ, ಒದ್ದೆ ಬೇರು ಹೊಳೆಯಬೇಕು ಸ್ವಾಮಿ! ಆ ಹೊಳಪು ಕಂಡರೇ ಜಾರುತ್ತದೆ ಅಂತ ಗೊತ್ತಾಗುವುದು. ಮಳೆ ನಿಂತ ಮೇಲೆ ನಮ್ಮ ದಾರಿಯಲ್ಲಿ ಒಣಗಿದ ಕಲ್ಲು ಯಾವುದು, ಪಾಚಿ ಹಿಡಿದ ಕಲ್ಲು ಯಾವುದು ಅಂತ ಆ ಮಿಂಚಿನಿಂದಲೇ ಹೇಳುತ್ತೇವೆ. ಅಣ್ಣನ ಪೋಲರೈಸ್ಡ್ ಹಾಕಿಕೊಂಡು ಹೋದಾಗ ಎಲ್ಲವೂ ಒಂದೇ ಥರ ಮಣ್ಣಿನ ಬಣ್ಣ. ಚಂದ ಕಾಣುತ್ತದೆ, ಬೀಳಿಸುತ್ತದೆ.

ಧ್ರುವೀಕರಣ · ಸಂಜೆ 5:32

ಒಪ್ಪಿದೆ. ಕೆಲವು ಮೊಬೈಲ್ ಅಡ್ಡ ಹಿಡಿದರೆ ಮ್ಯಾಪ್ ಕಪ್ಪಾಗುತ್ತದೆ ಅನ್ನುವುದನ್ನೂ ನಾನೇ ಹೇಳಿಬಿಡುತ್ತೇನೆ. ಜೊತೆಗೆ ಪೋಲರೈಸ್ಡ್ ಲೆನ್ಸ್ ತಿಳಿ ಬಣ್ಣದಲ್ಲಿ ಸಿಗುವುದೂ ಕಷ್ಟ, ಆ ಪದರವೇ ಅರ್ಧಕ್ಕಿಂತ ಜಾಸ್ತಿ ಬೆಳಕು ತಿನ್ನುತ್ತದೆ. ನಾನು ಕೆರೆ ಏರಿಗೇ ವಾಪಸ್.

ಉತ್ತರತೀರ · ಮಂಗಳವಾರ, ಬೆಳಿಗ್ಗೆ 6:10

ವ್ಯಾಂಕೂವರ್‌ನಿಂದ. ಊರು ಶಿವಮೊಗ್ಗದ ಕಡೆ, ಇಲ್ಲಿಗೆ ಬಂದು ಒಂಬತ್ತು ವರ್ಷ. ನಾರ್ತ್ ಶೋರ್ ಬೆಟ್ಟಗಳಲ್ಲಿ ಓಡಿಸುತ್ತೇನೆ, ಫ್ರೋಮ್ ಮತ್ತು ಸೀಮೋರ್. ದೇವದಾರು ಜಾತಿಯ ದೈತ್ಯ ಮರಗಳು, ಬುಡದಲ್ಲಿ ಮಧ್ಯಾಹ್ನವೂ ಸಂಜೆಯ ಹಾಗೆ. ಡಿಸೆಂಬರ್‌ನಲ್ಲಿ ನಾಲ್ಕೂಕಾಲಿಗೆ ಸೂರ್ಯ ಮುಳುಗುತ್ತಾನೆ. ಇಲ್ಲಿ ನನ್ನ ಗೆಳೆಯರು ವರ್ಷಪೂರ್ತಿ ಬಣ್ಣವಿಲ್ಲದ ಲೆನ್ಸ್ ಹಾಕುತ್ತಾರೆ, ನಾನೂ ಅಷ್ಟೇ. ಬಿಸಿಲು ಬೇಕಾದರೆ ಕಣ್ಣು ಕಿರಿದು ಮಾಡುತ್ತೇವೆ.

ಫೋಟೋಕ್ರೊಮಿಕ್‌ಗೆ ಒಂದು ಒಳ್ಳೆ ಮಾತು ಸೇರಿಸುತ್ತೇನೆ. ಕಾಡಿನ ಒಳಗೇ ಶುರುವಾಗಿ ಒಳಗೇ ಮುಗಿಯುವ ದಾರಿಯಾದರೆ ಅದಕ್ಕೆ ಯುವಿ ಸಿಗುವುದೇ ಕಡಿಮೆ, ಕಪ್ಪಾಗುವುದೇ ಇಲ್ಲ. ತೊಂದರೆ ಕೊಡುವುದು ಬಯಲಿನಲ್ಲಿ ಅರ್ಧ ಗಂಟೆ ಏರಿ, ಪೂರ್ತಿ ಕಪ್ಪಾಗಿಸಿಕೊಂಡು ಮರದೊಳಗೆ ಧುಮುಕಿದಾಗ. ಕೆಸರುಗಾಲಿ ಹೇಳಿದ ಗುಡ್ಡ ಸರಿಯಾಗಿ ಅಂಥದ್ದೇ. ಇಲ್ಲಿ ಐದು ಡಿಗ್ರಿ ಚಳಿಯಲ್ಲಿ ನನ್ನ ಹಳೆಯ ಫೋಟೋಕ್ರೊಮಿಕ್ ಕಾಫಿ ಅಂಗಡಿಯೊಳಗೆ ಬಂದು ಕೂತ ಮೇಲೂ ಬೂದು ಬಣ್ಣದಲ್ಲೇ ಇರುತ್ತಿತ್ತು. ಕುರುಡನ ಥರ ಕುರ್ಚಿ ತಡಕಾಡುತ್ತಿದ್ದೆ.

ಇನ್ಸರ್ಟ್ ಯಾರಾದರೂ ಉಪಯೋಗಿಸಿದ್ದೀರಾ? ನನ್ನ ಅನುಭವ ಹೇಳಿದರೆ ಬೈಗುಳವಾಗುತ್ತದೆ.

ಹಿಂದಿನಬ್ರೇಕ್ · ಬೆಳಿಗ್ಗೆ 8:20

ನನ್ನ ಹತ್ತಿರ ಇದೆ. ದೊಡ್ಡ ಗಾಗಲ್ ಒಳಗೆ ಪವರ್ ಇರುವ ಚಿಕ್ಕ ಲೆನ್ಸ್ ಜೋಡಿ ಕ್ಲಿಪ್ ಆಗುತ್ತದೆ. ಹೊರಗಿನ ಗಾಜನ್ನು ಬೇಕಾದ ಬಣ್ಣಕ್ಕೆ ಬದಲಾಯಿಸಬಹುದು, ಅದೊಂದು ಅನುಕೂಲ. ಏರಿನಲ್ಲಿ ನಿಂತರೆ ಎರಡು ಗಾಜಿನ ಮಧ್ಯೆ ಹಬೆ ಕಟ್ಟುತ್ತದೆ. ಒರೆಸಬೇಕಾದದ್ದು ನಾಲ್ಕು ಮುಖ. ರೆಪ್ಪೆಗೂದಲು ತಾಗಿ ತಾಗಿ ಒಳಗಿನದಕ್ಕೆ ಎಣ್ಣೆ ಗೆರೆ. ಮುಂಗಾರಿನಲ್ಲಿ ಹಾಕಿ ಒಂದೇ ದಿನಕ್ಕೆ ಕೈಮುಗಿದೆ. ಬೇಸಿಗೆಗೆ ಪರವಾಗಿಲ್ಲ.

ಲೆನ್ಸ್‌ಹಾಕ್ದೋನು · ಬೆಳಿಗ್ಗೆ 10:50

ನೀವೆಲ್ಲ ಯಾಕೆ ಇಷ್ಟು ಒದ್ದಾಡುತ್ತೀರೋ. ದಿನಕ್ಕೊಂದು ಬಿಸಾಡುವ ಕಾಂಟ್ಯಾಕ್ಟ್ ಲೆನ್ಸ್ ಹಾಕಿ, ಮೇಲೆ ಪವರ್ ಇಲ್ಲದ ಯಾವ ಗಾಗಲ್ ಬೇಕಾದರೂ ಹಾಕಿ. ಓರೆಗಣ್ಣಲ್ಲೂ ಸ್ಪಷ್ಟ, ಬಾಣಲೆ ಗೀಣಲೆ ಇಲ್ಲ. ಬ್ಯಾಗಿನಲ್ಲಿ ಒಂದು ಬಿಡಿ ಜೋಡಿ, ಒಂದು ಹಳೆ ಕನ್ನಡಕ ಇಟ್ಟಿರುತ್ತೇನೆ. ಮೂರು ವರ್ಷದಲ್ಲಿ ಒಂದು ಸಲ ಮಾತ್ರ ಇಳಿಜಾರಿನ ಮಧ್ಯೆ ಧೂಳು ಹೋಗಿ ಲೆನ್ಸ್ ಮಡಚಿಕೊಂಡಿತು. ಆವತ್ತು ಒಂದು ಕಣ್ಣಲ್ಲೇ ಇಳಿದೆ, ಅದು ಬೇರೆ ವಿಚಾರ.

ಕನ್ನಡಕದಕ್ಕ · ಮಧ್ಯಾಹ್ನ 12:30

ಕಣ್ಣು ಒಣಗುವ ತೊಂದರೆ ಇಲ್ಲದವರಿಗೆ ಇದು ಒಳ್ಳೆಯ ದಾರಿ, ನಾನೂ ಒಪ್ಪುತ್ತೇನೆ. ಎರಡು ಎಚ್ಚರಿಕೆ. ಹಳ್ಳದ ನೀರಲ್ಲಿ ಮುಖ ತೊಳೆಯುವ ಆಸೆ ಬೇಡ. ಸಿಹಿನೀರಲ್ಲಿ, ನಲ್ಲಿ ನೀರಲ್ಲೂ, ಅಕಾಂತಮೀಬಾ ಅನ್ನುವ ಜೀವಿ ಇರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಕೆಳಗೆ ಸೇರಿಕೊಂಡರೆ ಕಾರ್ನಿಯಾಕ್ಕೆ ಹತ್ತುವ ಸೋಂಕು ತಿಂಗಳುಗಟ್ಟಲೆ ಕಾಡುತ್ತದೆ. ಇನ್ನೊಂದು, ಕನ್ನಡಕದ ಪವರನ್ನೇ ಹೇಳಿ ಆನ್‌ಲೈನ್‌ನಲ್ಲಿ ತರಿಸಬೇಡಿ. ಕನ್ನಡಕ ಕಣ್ಣಿನಿಂದ 12 ಮಿ.ಮೀ. ದೂರ ಕೂರುತ್ತದೆ, ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಮೇಲೇ. ಕೆಸರುಗಾಲಿಯ -4.75 ಅಲ್ಲಿ -4.50 ಆಗುತ್ತದೆ. ಸಿಲಿಂಡರ್ ಇರುವವರಿಗೆ ಟೋರಿಕ್ ಲೆನ್ಸ್ ಬೇಕು, ಅದು ಕಣ್ಣಲ್ಲಿ ತಿರುಗದೆ ಕೂರುತ್ತದೆಯೇ ಅಂತ ಹಾಕಿಸಿ ನೋಡಬೇಕು.

ಈಗ ಬಾಣಲೆ ವಿಷಯಕ್ಕೆ ಬರೋಣ, ಅದನ್ನು ಎಲ್ಲರೂ ಮರೆತರು.

ಮುಖ ಸುತ್ತುವ ಫ್ರೇಮ್‌ನ ಲೆನ್ಸ್ ಜಾಸ್ತಿ ಬಾಗಿರುತ್ತದೆ, ಸಾಮಾನ್ಯವಾಗಿ 8 ಬೇಸ್ ಅನ್ನುತ್ತಾರೆ. ಕಣ್ಣಿನ ಮುಂದೆ ಓರೆಯಾಗಿ ಕೂರುತ್ತದೆ. ಟ್ರಯಲ್ ಫ್ರೇಮ್‌ನಲ್ಲಿ ಲೆನ್ಸ್ ನೇರ ಇಟ್ಟು ಪರೀಕ್ಷೆ ಮಾಡಿದ ಪವರನ್ನು ಹಾಗೇ ಓರೆ ಕೂರಿಸಿದರೆ ಪವರೂ ಬದಲಾಗುತ್ತದೆ, ಇಲ್ಲದ ಸಿಲಿಂಡರ್ ಸೇರುತ್ತದೆ, ನೋಟವನ್ನು ಪಕ್ಕಕ್ಕೆ ಸರಿಸುವ ಪ್ರಿಸಮ್ಮೂ ಬರುತ್ತದೆ. ಪವರ್ ಜಾಸ್ತಿಯಿದ್ದಷ್ಟೂ ತಪ್ಪು ಜಾಸ್ತಿ. ಇದಕ್ಕೆ ಮದ್ದಿದೆ: ಫ್ರೇಮ್ ಎಷ್ಟು ಡಿಗ್ರಿ ಸುತ್ತಿದೆ, ಎಷ್ಟು ಬಾಗಿದೆ, ಕಣ್ಣಿನಿಂದ ಎಷ್ಟು ದೂರ ಅಂತ ಫ್ರೇಮ್ ಹಾಕಿಸಿಯೇ ಅಳೆದು ಕಳಿಸಿದರೆ ಲ್ಯಾಬ್‌ನವರು ಲೆಕ್ಕ ತಿದ್ದಿ ಫ್ರೀಫಾರ್ಮ್ ಲೆನ್ಸ್ ಮಾಡುತ್ತಾರೆ. ನಿಮಗೆ ಹೀಗೆ ಅಳೆದಿದ್ದರಾ?

ಕೆಸರುಗಾಲಿ · ಮಧ್ಯಾಹ್ನ 12:41

ಇಲ್ಲ ಅಕ್ಕ. ಒಂದು ಸ್ಕೇಲ್ ಮೂಗಿನ ಮೇಲೆ ಇಟ್ಟು ಪಿಡಿ (ಎರಡು ಪಾಪೆಗಳ ನಡುವಿನ ದೂರ) ಮಾತ್ರ ನೋಡಿದರು.

ಕನ್ನಡಕದಕ್ಕ · ಮಧ್ಯಾಹ್ನ 12:50

ಅಂದುಕೊಂಡೆ. -4.75ಕ್ಕೆ 8 ಬೇಸ್ ಬಿಟ್ಟುಬಿಡಿ. 6 ಬೇಸ್ ಅಥವಾ ಅದಕ್ಕಿಂತ ಕಡಿಮೆ ಬಾಗಿದ ಫ್ರೇಮ್, ಚಿಕ್ಕ ಗಾಜಿನದು ಹುಡುಕಿ. ಪಕ್ಕದಿಂದ ಗಾಳಿ ಸ್ವಲ್ಪ ಬರುತ್ತದೆ. ಅದೇ ಗಾಳಿ ಹಬೆಯನ್ನೂ ಓಡಿಸುತ್ತದೆ ಅನ್ನಿ.

ಲೆನ್ಸ್ ಯಾವುದರದ್ದು ಅನ್ನುವುದೂ ಮುಖ್ಯ. ಮಾಮೂಲಿ ಪ್ಲಾಸ್ಟಿಕ್ ಸಿಆರ್-39ರಲ್ಲಿ ನೋಟ ಬಹಳ ಶುದ್ಧ, ಅಬೆ ಸಂಖ್ಯೆ 58 (ಜಾಸ್ತಿಯಿದ್ದಷ್ಟೂ ಬಣ್ಣ ಚೆದುರುವುದು ಕಡಿಮೆ). ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ, ಕಣ್ಣ ಮುಂದೆ ಬೇಡ. ಪಾಲಿಕಾರ್ಬೊನೇಟ್ ಸುಲಭಕ್ಕೆ ಒಡೆಯುವುದಿಲ್ಲ, ತಾನಾಗಿಯೇ ಯುವಿ ತಡೆಯುತ್ತದೆ. ಅಬೆ ಮಾತ್ರ 30, ಹಾಗಾಗಿ ಅಂಚಿನಲ್ಲಿ ನೋಡಿದರೆ ವಸ್ತುಗಳಿಗೆ ನೀಲಿ-ಕೆಂಪು ಗೆರೆ. ನಿಮ್ಮ 1.67 ಕೂಡ ಈ ವಿಷಯದಲ್ಲಿ 32. ಟ್ರೈವೆಕ್ಸ್ ಮಧ್ಯದ್ದು: ಗಟ್ಟಿಯೂ ಹೌದು, ಅಬೆ 43ರ ಮೇಲೆ, ತೂಕ ಕಡಿಮೆ, ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ. ಅಂಚು ಸ್ವಲ್ಪ ದಪ್ಪ ಬರುತ್ತದೆ. ಮರದ ಮಧ್ಯೆ ನಿಮ್ಮ ಕನ್ನಡಕದ ದಪ್ಪ ನೋಡುವವರು ಯಾರು?

ಬಣ್ಣಕ್ಕೆ ತಾಮ್ರ ಅಥವಾ ಗುಲಾಬಿ ಛಾಯೆ, ತಿಳಿಯಾಗಿ. ಇವು ನೀಲಿ ಬೆಳಕನ್ನು ಸ್ವಲ್ಪ ಕಡಿಮೆ ಮಾಡುತ್ತವೆ, ಕೆಮ್ಮಣ್ಣಿಗೂ ಬೇರಿಗೂ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ ಅಂತ ಬಹಳ ಜನ ಹೇಳುತ್ತಾರೆ. ರಾತ್ರಿಗೆ ಹಳದಿ ಲೆನ್ಸ್ ಅನ್ನುವವರನ್ನು ನಂಬಬೇಡಿ. ಯಾವ ಬಣ್ಣವೇ ಆಗಲಿ, ಇರುವ ಬೆಳಕಲ್ಲಿ ಒಂದು ಪಾಲು ಕಿತ್ತುಕೊಳ್ಳುತ್ತದೆ.

ಹಿಂಬದಿಗೆ ಆ್ಯಂಟಿ-ರಿಫ್ಲೆಕ್ಷನ್ ಕೋಟಿಂಗ್ ಕೇಳಿ ಪಡೆಯಿರಿ. ಬೆನ್ನ ಹಿಂದಿನ ಬಿಸಿಲು ಲೆನ್ಸ್‌ನ ಒಳಮೈಗೆ ಬಡಿದು ನಿಮ್ಮದೇ ಕಣ್ಣು ನಿಮಗೆ ಕಾಣುತ್ತಿರುತ್ತದೆ, ಅದು ನಿಲ್ಲುತ್ತದೆ. ಕೋಟಿಂಗ್ ಇಲ್ಲದ ಪ್ಲಾಸ್ಟಿಕ್ ಲೆನ್ಸ್ ನೂರರಲ್ಲಿ ಎಂಟು ಪಾಲು ಬೆಳಕನ್ನು ಸುಮ್ನೆ ಪ್ರತಿಫಲಿಸಿ ಕಳೆಯುತ್ತದೆ. ಎರಡೂ ಬದಿ ಹಾಕಿದರೆ ಅದರಲ್ಲಿ ಬಹುಪಾಲು ವಾಪಸ್.

ಚೀಟಿಯಲ್ಲಿ ಅಂಕಿಯ ಪಕ್ಕ "ಒಳಗೆ ಬರುವ ಬೆಳಕು 65" ಅಂತ ಪೂರ್ತಿ ವಾಕ್ಯ ಬರೆಸಿ. ನಾಚಿಕೊಳ್ಳಬೇಡಿ.

ಜುಗ್ಗ2 · ಮಧ್ಯಾಹ್ನ 1:20

ಕೆಸರು ಹತ್ತಿದಾಗ ಬನಿಯನ್ ತುದಿಯಲ್ಲಿ ಒಣಗಿದ್ದು ಒಣಗಿದ ಹಾಗೇ ಉಜ್ಜುವವರೇ, ಮಣ್ಣಿನಲ್ಲಿ ಮರಳಿದೆ. ಮೊದಲು ಬಾಟಲಿ ನೀರು ಸುರಿದು, ಆಮೇಲೆ ಒರೆಸಿ. ನಾನು ನಾಲ್ಕು ಸಾವಿರದ ಲೆನ್ಸನ್ನು ಎರಡು ತಿಂಗಳಲ್ಲಿ ಗೀರು ಗೀರು ಮಾಡಿ ಕಲಿತ ಪಾಠ, ನಿಮಗೆ ಬಿಟ್ಟಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಇಡಬೇಡಿ, ಕೋಟಿಂಗ್ ಕೆರೆಯ ಒಣ ಮಣ್ಣಿನ ಥರ ಬಿರುಕು ಬಿಡುತ್ತದೆ.

ಐವತ್ತರಸವಾರ · ಸಂಜೆ 6:00

ಅಕ್ಕ, ಒಂದು ಚಿಕ್ಕ ಸಂಶಯ. ಸಂಜೆ ಆರೂವರೆ ಮೇಲೆ ದೂರದ್ದು ಸ್ವಲ್ಪ ಮಬ್ಬು. ಹಗಲು ಅದೇ ಪವರಿನಲ್ಲಿ ಸರಿ. ಕಲ್ಪನೆಯಾ?

ಕನ್ನಡಕದಕ್ಕ · ಸಂಜೆ 7:45

ಕಲ್ಪನೆ ಅಲ್ಲ ಸರ್. ಮಂದ ಬೆಳಕಲ್ಲಿ ಪಾಪೆ ಅಗಲವಾದಾಗ ಅಂಚಿನ ಬೆಳಕೂ ಒಳಗೆ ಬಂದು ಕಣ್ಣು ಸ್ವಲ್ಪ ಸಮೀಪದೃಷ್ಟಿಯ ಕಡೆ ವಾಲುತ್ತದೆ. ಕೆಲವರಿಗೆ 0.50 ಪವರಿನಷ್ಟು. ಸಂಜೆಯ ಸವಾರಿಗೆ ಬೇರೆ ಕನ್ನಡಕ ಮಾಡಿಸುವುದಾದರೆ ಕೋಣೆ ಮಬ್ಬು ಮಾಡಿ ಪರೀಕ್ಷೆ ಮಾಡಿ ಅಂತ ಕೇಳಿ. ಆದರೂ ಮೊದಲು ಪೊರೆ ತೋರಿಸಿ ಅಂದೆನಲ್ಲ, ಅದನ್ನು ಮರೆಯಬೇಡಿ.

ಕೆಸರುಗಾಲಿ · ಐದು ವಾರದ ನಂತರ, ಭಾನುವಾರ ಸಂಜೆ 5:25

ವರದಿ ಒಪ್ಪಿಸಲು ಬಂದೆ.

ಬೇರೆ ಅಂಗಡಿಗೆ ಹೋದೆ. ಫ್ರೇಮ್ ಹಾಕಿಸಿ ಅಳತೆ ತೆಗೆದುಕೊಂಡರು, ನಾನು ಕೇಳುವ ಮೊದಲೇ. ಹೆಚ್ಚು ಸುತ್ತದ ಫ್ರೇಮ್, ಟ್ರೈವೆಕ್ಸ್, ತಾಮ್ರದ ತಿಳಿ ಛಾಯೆ, ಎರಡೂ ಬದಿ ಕೋಟಿಂಗ್. ಚೀಟಿಯಲ್ಲಿ ಪೂರ್ತಿ ವಾಕ್ಯ ಬರೆಸಿದೆ. ಕೌಂಟರ್ ಹುಡುಗ "ಅಂದರೆ 35 ಟಿಂಟ್ ತಾನೇ ಸರ್" ಅಂದ. ಹೌದಪ್ಪ ಅಂದೆ. ಮನೆಗೆ ತಂದು ಅದೇ ಕಿಟಕಿಯಲ್ಲಿ ಅಳೆದೆ: 598ಕ್ಕೆ 394. ಅಂದರೆ 66.

ನಿನ್ನೆ ಮತ್ತೆ ಅದೇ ತೋಟ, ಅದೇ ಹತ್ತು ಗಂಟೆ. ಹುಲ್ಲುಗುಡ್ಡದ ಮೇಲೆ ಬಿಸಿಲು ಸ್ವಲ್ಪ ಚುಚ್ಚಿತು, ಹೆಲ್ಮೆಟ್ಟಿನ ಮುಂಚಾಚು ಎರಡು ಬೆರಳು ಕೆಳಗಿಳಿಸಿದೆ. ಮರದೊಳಗೆ ನುಗ್ಗಿದಾಗ ಒಂದು ಕ್ಷಣ ಮಂಕಾಯಿತು, ಆದರೆ ದಾರಿ ದಾರಿಯಾಗಿಯೇ ಉಳಿಯಿತು. ಒಣಗಿದೆಲೆಯ ಮಧ್ಯೆ ಆ ಬೇರು, ಮೇಲಿನ ತೊಗಟೆ ನನ್ನ ಪೆಡಲ್ ತಾಗಿ ಕಿತ್ತ ಜಾಗ ಕೂಡ ಕಂಡಿತು. ಇಳಿದು ದಾಟಿಸಿದೆ. ಹಾರಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಬಾಣಲೆ ಮಾಯ. ತಲೆನೋವೂ ಇಲ್ಲ. ಏರಿನಲ್ಲಿ ನಿಂತಾಗ ಹಬೆ ಕಟ್ಟುವುದು ಮಾತ್ರ ಹಾಗೇ ಇದೆ.

ತೋಟದಹುಡುಗ · ಸಂಜೆ 5:50

ಹಬೆಗೆ ನಿಲ್ಲದೆ ಓಡಿಸುವುದೇ ಮದ್ದು ಅಣ್ಣ. ಮರಗಸಿ ಆದ ಮೇಲೆ ಬನ್ನಿ, ಆ ಬೇರಿನ ಮೇಲೆ ಬಿಸಿಲು ಬಿದ್ದಿರುತ್ತದೆ.

ಜುಗ್ಗ2 · ಸಂಜೆ 6:02

ಹಳೆಯ 21ರ ಗ್ಲಾಸ್ ಏನು ಮಾಡಿದಿರಿ? ನನ್ನದೂ -4.50, ಮಾರುವುದಾದರೆ...

ಕನ್ನಡಕದಕ್ಕ · ಸಂಜೆ 6:04

ಜುಗ್ಗ ಅವರೇ, ಅದು ಅವರ ಸಿಲಿಂಡರ್, ಅವರ ಪಿಡಿ. ಸುಮ್ನಿರಿ.